ಗೇಲಿ ಬೇರೆ, ತಿದ್ದುವ ಮಾತು ಬೇರೆ

ದುಮ್ಮವಾಡದಂಥ ಒಂದು ಊರಿನ ಶಾಲೆಯ ಗ್ಯಾದರಿಂಗ್ ಎಂದುಕೊಳ್ಳಿ. ಪೆಂಡಾಲಿನಲ್ಲಿ ಊರಿಗೆ ಊರೇ ಕೂತಿದೆ. ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಭಾವಗೀತೆ ಎತ್ತಿಕೊಳ್ಳುತ್ತಾನೆ. ಹೋದ ವರ್ಷ ಇದೇ ಹಾಡಿಗೆ ಚಪ್ಪಾಳೆ ಬಿದ್ದಿತ್ತು. ಈ ವರ್ಷ ಮೇಲಿನ ಸ್ವರಕ್ಕೆ ಹೋಗುವಷ್ಟರಲ್ಲಿ ದನಿ ಒಡೆಯುತ್ತದೆ. ಹಿಂದಿನಿಂದ ಯಾರೋ ಕೂಗುತ್ತಾರೆ: "ಸಾಕ ಬಿಡಪಾ, ಕಪ್ಪಿ ವದರಿದ್ಹಂಗ ಆತು!" ಎಲ್ಲರೂ ನಗುತ್ತಾರೆ. ಮರುದಿನದಿಂದ ಹುಡುಗ ಹಾಡುವುದನ್ನೇ ಬಿಡುತ್ತಾನೆ. ತಾಯಿ ಕೇಳಿದರೆ, "ನನಗ ಬರಂಗಿಲ್ಲ ಬೇ" ಎಂದು ಮುಖ ತಿರುವುತ್ತಾನೆ.

ಚಿತ್ರ ಬರೆಯುವ ಹುಡುಗಿಗೂ, ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಕವಿತೆ ಬರೆಯುವ ಹುಡುಗನಿಗೂ ಒಂದಲ್ಲ ಒಂದು ದಿನ ಇಂಥ ಮಾತು ಬೀಳುತ್ತದೆ. ಆಡುವವರ ಬಾಯಿ ಕಟ್ಟಲಾಗದು. ಆದರೆ ಯಾವ ಮಾತನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಹೊಸ್ತಿಲಾಚೆಯೇ ನಿಲ್ಲಿಸಬೇಕು ಎಂಬುದನ್ನು ಕಲಿಯಬಹುದು. ಅದನ್ನು ಕಲಿಸುವ ಒಂದು ಬದುಕು ಇದೇ ಜಿಲ್ಲೆಯಲ್ಲಿದೆ. ಅದು ಗಂಗೂಬಾಯಿ ಹಾನಗಲ್ಲರದು.

ಮಾವಿನಹಣ್ಣಿನ ಬೈಗುಳ

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹೆಂಗಸರು ಹಾಡುವುದನ್ನು ಕೀಳಾಗಿ ಕಾಣುತ್ತಿದ್ದ ಕಾಲವದು. ಓಣಿಯಲ್ಲಿ ನಡೆದು ಹೋದರೆ "ಗಾನೇವಾಲಿ" ಎಂದು ಹಂಗಿಸುವವರಿದ್ದರು. ಬಾಲ್ಯದಲ್ಲೊಮ್ಮೆ ನೆರೆಯವರ ತೋಟದ ಮಾವಿನಹಣ್ಣು ಕದ್ದು ಸಿಕ್ಕಿಬಿದ್ದದ್ದನ್ನು ಅವರು ಮುಂದೆ ನೆನೆಯುತ್ತಿದ್ದರು. ತೋಟದವರಿಗೆ ಸಿಟ್ಟು ಬಂದದ್ದು ಹಣ್ಣು ಕದ್ದದ್ದಕ್ಕಲ್ಲ. ಹಾಡುವವಳ ಮಗಳು ತಮ್ಮ ತೋಟಕ್ಕೆ ಕಾಲಿಟ್ಟಳಲ್ಲ ಎಂಬುದಕ್ಕೆ!

ಈ ಪ್ರಸಂಗವನ್ನು ಸ್ವಲ್ಪ ಬಿಡಿಸಿ ನೋಡಬೇಕು. "ಹಣ್ಣು ಕದ್ದದ್ದು ತಪ್ಪು" ಎಂದಿದ್ದರೆ ಅದು ತಿದ್ದುವ ಮಾತು. ಕೇಳಿದವರು ಮತ್ತೆ ಕದಿಯದಿದ್ದರೆ ಮುಗಿಯಿತು. "ನೀನು ಇಂಥವಳ ಮಗಳು" ಎಂದರೆ ಕೇಳಿದವರು ಮಾಡುವುದಾದರೂ ಏನು? ಹುಟ್ಟನ್ನು ತಿದ್ದಿಕೊಳ್ಳಲು ಬರುವುದಿಲ್ಲ. ಮಾಡಿದ ಕೆಲಸವನ್ನು ಬಿಟ್ಟು ಮಾಡಿದ ಮನುಷ್ಯನನ್ನೇ ಹಳಿಯುವ ಮಾತು ಗೇಲಿ. ಅದರಲ್ಲಿ ಕಲಿಯಲು ಏನೂ ಇರುವುದಿಲ್ಲ.

ಗಂಗೂಬಾಯಿಯವರು ಹಾಡು ಬಿಡಲಿಲ್ಲ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದವರಲ್ಲಿ ಈ ಬಾಲಕಿಯೂ ಇದ್ದಳು.

ಕುಂದಗೋಳದ ರೈಲು

ಗೇಲಿಗೆ ಕಿವಿಗೊಡದ ಅವರು ಟೀಕೆಗೂ ಕಿವಿ ಮುಚ್ಚಿಕೊಂಡರೆ? ಇಲ್ಲ. ಕಠಿಣವಾಗಿ ತಿದ್ದುವವರನ್ನು ತಾವೇ ಹುಡುಕಿಕೊಂಡು ಹೋದರು. ಕಿರಾಣಾ ಘರಾಣೆಯ ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ, ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಕುಂದಗೋಳಕ್ಕೆ ಮರಳಿದ್ದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ, ಪಾಠ ಮುಗಿಸಿ ರಾತ್ರಿ ಮರಳುತ್ತಿದ್ದರು. ಅಲ್ಲಿಯೇ ಗುರುಗಳ ಮನೆಯಲ್ಲಿದ್ದು ಕಲಿಯುತ್ತಿದ್ದ ಭೀಮಸೇನ ಜೋಶಿಯವರು ಅವರನ್ನು ನಿಲ್ದಾಣದ ತನಕ ಕಳಿಸಿ ಬರುತ್ತಿದ್ದುದುಂಟು.

ಗುರುಗಳು ಕಲಿಸಿದ ರಾಗಗಳು ಕೆಲವೇ. ಆದರೆ ಒಂದೇ ಸ್ವರಗುಚ್ಛವನ್ನು ಸರಿಯಾಗುವ ತನಕ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಇದು ಪ್ರಯೋಗಶಾಲೆಯ ರೀತಿಯೇ. ಲೋಲಕದ ಪ್ರಯೋಗದಲ್ಲಿ ಉತ್ತರ ತಪ್ಪಿದರೆ ಒಳ್ಳೆಯ ಮಾಸ್ತರರು "ನೀನು ದಡ್ಡ" ಎನ್ನುವುದಿಲ್ಲ. "ದಾರದ ಉದ್ದ ಮತ್ತೊಮ್ಮೆ ಅಳೆ" ಎನ್ನುತ್ತಾರೆ. ತಪ್ಪಿದ ಜಾಗ ತೋರಿಸಿ, ಮತ್ತೆ ಮಾಡಲು ಅವಕಾಶ ಕೊಡುವುದೇ ನಿಜವಾದ ವಿಮರ್ಶೆಯ ಗುರುತು. ಅದು ಎಷ್ಟು ಕಹಿಯಾದರೂ ಔಷಧ.

ದನಿಯೇ ಬದಲಾದಾಗ

ಇವೆರಡಕ್ಕೂ ಸೇರದ ಇನ್ನೊಂದು ತೊಡಕು ಗಂಗೂಬಾಯಿಯವರಿಗೆ ಎದುರಾಯಿತು. 1930ರ ದಶಕದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ತೆಳ್ಳಗೆ, ಎತ್ತರದಲ್ಲಿದೆ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅದು ದಪ್ಪವಾಗಿ ಇಳಿಯಿತು. ನೋಡದೆ ಕೇಳಿದವರು ಗಂಡಸರ ದನಿಯೆಂದೇ ತಿಳಿಯುವಷ್ಟು ಬದಲಾಯಿತು.

ನಮ್ಮ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಮಾತನಾಡುವಾಗ ಅವು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 150 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ. ತಂತು ಉದ್ದವಾಗಿ ದಪ್ಪಗಾದಂತೆ ಕಂಪನ ನಿಧಾನವಾಗಿ ದನಿ ಕೆಳಗಿಳಿಯುತ್ತದೆ. ಹರೆಯಕ್ಕೆ ಬರುವ ಹುಡುಗರಲ್ಲಿ ಈ ತಂತುಗಳು ಬೇಗ ಬೇಗ ಬೆಳೆಯುತ್ತವೆ. ಹೊಸ ಅಳತೆಗೆ ಸ್ನಾಯುಗಳು ಹೊಂದಿಕೊಳ್ಳುವ ತನಕ ದನಿ ಒಡೆಯುವುದು ಸಹಜ. ಗ್ಯಾದರಿಂಗಿನ ಹುಡುಗನಿಗೆ ಆದದ್ದು ಇಷ್ಟೇ. ಅದು ಕಂಠದ ಬೆಳವಣಿಗೆ, ಕಲೆಯ ಕೊರತೆಯಲ್ಲ. ಸ್ವತಃ ಸವಾಯಿ ಗಂಧರ್ವರ ಇಂಪಾದ ದನಿಯೂ ಹರೆಯದಲ್ಲಿ ಒಡೆದು ಒರಟಾಗಿತ್ತು. ಗುರು ಅಬ್ದುಲ್ ಕರೀಂ ಖಾನರ ಬಳಿ ಕಠಿಣ ರಿಯಾಜು ಮಾಡಿ ಅವರು ಅದನ್ನು ಪಳಗಿಸಿಕೊಂಡರು.

ಗಂಗೂಬಾಯಿಯವರೂ ಹಳೆಯ ದನಿಗಾಗಿ ಕೊರಗುತ್ತ ಕೂಡಲಿಲ್ಲ. ಬಂದ ದನಿಯಲ್ಲೇ ಸಾಧನೆ ಮಾಡಿದರು. ಕೊರತೆ ಎನಿಸಬಹುದಾದ ಆ ಗಂಭೀರ ಕಂಠವೇ ಅವರ ಗುರುತಾಯಿತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಒಂದು ಕಾಲಕ್ಕೆ ತೋಟಕ್ಕೆ ಕಾಲಿಟ್ಟದ್ದಕ್ಕೆ ಬೈದವರೇ ಮುಂದೆ ಮನೆಗೆ ಊಟಕ್ಕೆ ಕರೆದರು. 2009ರ ಜುಲೈ 21ರಂದು ಅವರು ಹುಬ್ಬಳ್ಳಿಯಲ್ಲಿ ತೀರಿಕೊಂಡರು.

ತಾಯಿತಂದೆಗಳಿಗೆ ಒಂದು ಮಾತು

ಅಂಬಾಬಾಯಿಯವರನ್ನು ಇಲ್ಲಿ ಮರೆಯಬಾರದು. ಮಗಳು ಹಿಂದೂಸ್ತಾನಿ ಕಲಿಯುವಾಗ ಕಿವಿಗೆ ಬೇರೆ ಪದ್ಧತಿ ಬಿದ್ದು ಅಡ್ಡಿಯಾದೀತೆಂದು, ಆ ತಾಯಿ ತಮ್ಮ ಕರ್ನಾಟಕ ಸಂಗೀತದ ಹಾಡಿಕೆಯನ್ನೇ ನಿಲ್ಲಿಸಿದರು. ಎಲ್ಲರಿಂದಲೂ ಇಂಥ ತ್ಯಾಗ ಆಗಬೇಕಿಲ್ಲ. ಮಗು ಮುಖ ಸಪ್ಪಗೆ ಮಾಡಿಕೊಂಡು ಬಂದಾಗ "ಯಾರು ಅಂದರು?" ಎಂದು ಜಗಳಕ್ಕೆ ಹೊರಡುವುದೂ ಬೇಡ, "ಹಾಡಿ ಏನ್ ಮಾಡೂದೈತಿ, ಓದಕೊಂತ ಕೂಡು" ಎನ್ನುವುದೂ ಬೇಡ. "ಏನು ಅಂದರು? ಅದರಾಗ ತಿದ್ದಿಕೊಳ್ಳೂದು ಏನರ ಐತೇನು?" ಎಂದು ಕೇಳಿದರೆ ಸಾಕು. ಇದ್ದರೆ ಮರುದಿನ ಮತ್ತೆ ಅಭ್ಯಾಸಕ್ಕೆ ಕೂರಿಸಬೇಕು. ಇಲ್ಲದಿದ್ದರೆ ಆ ಮಾತನ್ನು ಅಲ್ಲೇ ಬಿಡಿಸಬೇಕು.

ಶಾಲೆಯ ಹುಡುಗನಿಗೂ ಉಳಿದಿರುವುದು ಇಷ್ಟೇ: ಕೆಲವು ತಿಂಗಳು ಕೂಗದೆ, ಕೆಳಗಿನ ಶ್ರುತಿಯಲ್ಲಿ ಮೆಲ್ಲಗೆ ಹಾಡಿಕೊಳ್ಳುವುದು. ಮುಂದಿನ ಗ್ಯಾದರಿಂಗಿಗೆ ಇನ್ನೂ ಒಂದು ವರ್ಷವಿದೆ.