‘ಖಾಲಿ ಐತಿ’ ಅಂದ ಬಂದೂಕು

ಅಡಿಗೆ, ಕಸೂತಿಗಳ ನಡುವೆ ಬಂದೂಕಿನ ಮಾತೇಕೆ ಎಂದು ನೀವು ಕೇಳಬಹುದು. ಎರಡು ವರ್ಷದ ಹಿಂದೆ ನಾನೂ ಹಾಗೇ ಕೇಳಿದವಳು. ಹಿರಿಮಗಳು ಕಾಲೇಜಿನಿಂದ ಬಂದವಳೇ, “ಅವ್ವಾ, ಎನ್.ಸಿ.ಸಿ.ಗೆ ಹೆಸರು ಕೊಟ್ಟೇನಿ. ಕ್ಯಾಂಪಿನಾಗ ರೈಫಲ್ ಹಿಡಿಯೂದು ಕಲಸ್ತಾರಂತ” ಎಂದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು. “ಮೊದಲ ರೊಟ್ಟಿ ಬಡಿಯೂದು ಕಲಿ” ಎಂದು ಗದರಿದೆ. ನಮ್ಮವರು ಮಾತ್ರ ಪೇಪರಿನಿಂದ ತಲೆ ಎತ್ತದೆ, “ನಿಮ್ಮಪ್ಪನ್ನ ಕೇಳು” ಎಂದು ಜಾರಿಕೊಂಡರು.

ನಮ್ಮಪ್ಪ ಸಿಪಾಯಿಯಾಗಿದ್ದವರು. 1967ರಲ್ಲಿ ಅಥಣಿ ತಾಲ್ಲೂಕಿನ ನಮ್ಮ ಹಳ್ಳಿ ಬಿಟ್ಟು, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದರು. ಈಗ ಎಪ್ಪತ್ತೇಳು ದಾಟಿದೆ. ಚಿಕ್ಕೋಡಿಯ ನಮ್ಮ ಮನೆಗೆ ಬಂದಾಗ ಮೊಮ್ಮಗಳ ಸುದ್ದಿ ಕೇಳಿ ಮೀಸೆಯಲ್ಲೇ ನಕ್ಕರು. ಆದರೆ ಮೊದಲು ಕೇಳಿದ ಪ್ರಶ್ನೆ ಇದು: “ಬಂದೂಕು ತುಂಬೂದಷ್ಟ ಕಲಸ್ತಾರೋ, ಖಾಲಿ ಮಾಡೂದನೂ ಕಲಸ್ತಾರೋ?”

ಅಪ್ಪ ಮೊದಲು ಕೈಯಲ್ಲಿ ಹಿಡಿದದ್ದು ಹಳೆಯ ತ್ರೀ-ನಾಟ್-ತ್ರೀ. ಅದರ ನಳಿಗೆಯ ಬಾಯಿ .303 ಇಂಚು, ಅಂದರೆ ಸುಮಾರು 7.7 ಮಿಲಿಮೀಟರ್. ಆ ಅಳತೆಯೇ ಅದಕ್ಕೆ ಹೆಸರಾಯಿತು. ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್ ಇದು. ಎರಡೂ ಮಹಾಯುದ್ಧ ಕಂಡಿದೆ. ನಮ್ಮ ದೇಶದಲ್ಲಿ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1962ರ ಚೀನಾ ಯುದ್ಧದ ನಂತರ ಸೈನ್ಯ ಹೊಸ ರೈಫಲ್‌ಗಳತ್ತ ಹೊರಳಿದರೂ ಪೊಲೀಸರ ಹೆಗಲಿನಿಂದ ಇದು ಬೇಗ ಇಳಿಯಲಿಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ರೇಲ್ವೆ ನಿಲ್ದಾಣದಲ್ಲಿದ್ದ ಪೊಲೀಸರ ಕೈಯಲ್ಲೂ ಇದ್ದದ್ದು ಇದೇ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯ ದಿನದಂದು ಮೆರವಣಿಗೆಯಲ್ಲಿ ಇದಕ್ಕೆ ವಿದಾಯ ಹೇಳಿದರು. ತೂಕ ಸುಮಾರು ನಾಲ್ಕು ಕಿಲೋ. ಅಷ್ಟು ಜೋಳದ ಹಿಟ್ಟನ್ನು ತಾಸುಗಟ್ಟಲೆ ಹೆಗಲ ಮೇಲಿಟ್ಟು ನೋಡಿ!

ಅಂಥ ರೈಫಲ್ ಮನೆಯಲ್ಲಿಟ್ಟುಕೊಳ್ಳಲು ಸಾಮಾನ್ಯರಿಗೆ ಲೈಸನ್ಸ್ ಸಿಗುವುದಿಲ್ಲ. ಹೀಗಾಗಿ ಅಪ್ಪ ಪಡಸಾಲೆಯ ಬಾಗಿಲಿನ ಚಿಲಕವನ್ನೇ ಪಾಠಕ್ಕೆ ಹಿಡಿದರು. ರೈಫಲ್ಲಿನ ಬೋಲ್ಟ್ ಎಂದರೆ ಹಳೆಯ ಚಿಲಕವೇ ಅಂತೆ: ಹಿಡಿಕೆ ಮೇಲೆತ್ತು, ಹಿಂದಕ್ಕೆಳೆ, ಮುಂದಕ್ಕೆ ನೂಕು, ಕೆಳಗೊತ್ತು. ಕೆಳಗಿನ ಮ್ಯಾಗಜೀನಿನಲ್ಲಿ ಹತ್ತು ಗುಂಡು ಹಿಡಿಯುತ್ತವೆ. ಒಂದು ತಗಡಿನ ಕ್ಲಿಪ್ಪಿನಲ್ಲಿ ಐದು. ಬೋಲ್ಟ್ ತೆರೆದು, ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಿ ಎರಡು ಸಲ ತುಂಬಬೇಕು. ಪ್ರತಿ ಗುಂಡಿನ ಬುಡಕ್ಕೂ ಡಬ್ಬಿಯ ಮುಚ್ಚಳಕ್ಕಿದ್ದಂತೆ ಒಂದು ಅಂಚು. ಮೇಲಿನ ಗುಂಡಿನ ಅಂಚು ಕೆಳಗಿನದರ ಮುಂದಿರಬೇಕು; ಹಿಂದೆ ಬಿದ್ದರೆ ಎರಡೂ ಸಿಕ್ಕಿಕೊಂಡು ಬೋಲ್ಟ್ ನಿಂತುಬಿಡುತ್ತದೆ. “ಅವಸರ ಮಾಡಿದಾವನ ರೈಫಲ್ಲ ಸಿಕ್ಕೊಳ್ಳೂದು” ಎಂದರು ಅಪ್ಪ. ನನ್ನ ಮಿಕ್ಸರಿನ ಮುಚ್ಚಳದ ನೆನಪಾಯಿತು.

ತುಂಬುವ ಪಾಠ ಹತ್ತು ನಿಮಿಷದಲ್ಲಿ ಮುಗಿಯಿತು. ಖಾಲಿ ಮಾಡುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಬಂದೂಕು ಖಾಲಿಯಲ್ಲವಂತೆ. ಒಂದು ಗುಂಡು ನಳಿಗೆಯೊಳಗೆ ಉಳಿದಿರಬಹುದು. ಬೋಲ್ಟ್ ಪೂರ್ತಿ ಹಿಂದಕ್ಕೆಳೆದು ಕಣ್ಣಿಟ್ಟು ನೋಡಬೇಕು, ಕತ್ತಲಿದ್ದರೆ ಬೆರಳು ಹಾಕಿ ಮುಟ್ಟಿ ನೋಡಬೇಕು. ಇನ್ನೊಬ್ಬರ ಕೈಗೆ ಕೊಡುವಾಗ ಕೊಡುವವರೂ ನೋಡಬೇಕು, ತಗೊಳ್ಳುವವರೂ ನೋಡಬೇಕು. ನೋಡಿಯಾದ ಮೇಲೂ ಯಾರತ್ತಲೂ ಬಾಯಿ ಮಾಡಬಾರದು. ಗುರಿಯಿಟ್ಟು ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯಿಂದ ಹೊರಗೇ ಇರಬೇಕು. ಲಟ್ಟಣಿಗೆಯನ್ನೇ ರೈಫಲ್ ಮಾಡಿಕೊಂಡು ಮಗಳು ನನ್ನತ್ತ ತಿರುಗಿದಾಗ ಅಪ್ಪ ಜೋರಾಗಿ ಗದರಿದರು. “ಬರೇ ಲಟ್ಟಣಿಗಿ ಅಲ್ಲೇನ್ರಿ ಅಜ್ಜಾ?” ಎಂದಳು. “ಲಟ್ಟಣಿಗಿಗೆ ಹತ್ತಿದ ಚಟ ರೈಫಲ್ಲಿಗೂ ಹತ್ತತೈತಿ” ಎಂದರು.

ಬೆಳಗಾವಿಯ ಹತ್ತು ದಿನದ ಕ್ಯಾಂಪಿಗೆ ಅರ್ಧ ಮನಸ್ಸಿನಿಂದಲೇ ಕಳಿಸಿದೆ. ಕವಾಯತಿಗೆ ಕೊಟ್ಟದ್ದು ಗುಂಡು ಹಾರದಂತೆ ಮಾಡಿಟ್ಟ ಹಳೆಯ ತ್ರೀ-ನಾಟ್-ತ್ರೀ. ಗುರಿ ಹೊಡೆಸಿದ್ದು ಅದಕ್ಕಿಂತ ಹಗುರಾದ ಪಾಯಿಂಟ್ ಟೂ-ಟೂ ರೈಫಲ್ಲಿನಿಂದ, ಹೊಟ್ಟೆಯ ಮೇಲೆ ಮಲಗಿ, 25 ಗಜ ದೂರಕ್ಕೆ. ಮೈದಾನದಲ್ಲಿ ಕೆಂಪು ಬಾವುಟ, ಹಿಂದಿಯಲ್ಲಿ ಆಜ್ಞೆ. ‘ಭರ್’ ಎಂದರೆ ತುಂಬು, ‘ಖಾಲಿ ಕರ್’ ಎಂದರೆ ಖಾಲಿ ಮಾಡು. ಮುಗಿದ ಮೇಲೆ ‘ಜಾಂಚ್ ಶಸ್ತ್ರ’ ಎಂದು ಒಬ್ಬೊಬ್ಬರ ರೈಫಲ್ ತಪಾಸಣೆ. “ಐದ ಗುಂಡು ಹಾರ್ಸೂದು ಐದ ನಿಮಿಷ, ಅದರ ಹಿಂದ-ಮುಂದಿಂದ ಇಡೀ ದಿನ” ಎಂದಳು ಮಗಳು. ಗುರಿಗೆ ಎಷ್ಟು ಬಿದ್ದವು ಎಂದರೆ ಮಾತು ತೇಲಿಸಿದಳು!

ಇಷ್ಟೆಲ್ಲ ಕೇಳಿಯೂ ಇದೊಂದು ಹುಡುಗಾಟಿಕೆ ಎಂದೇ ನಾನು ತಿಳಿದಿದ್ದೆ, ಕಳೆದ ವರ್ಷದ ಖಂಡೇನವಮಿಯವರೆಗೆ.

ಹಬ್ಬಕ್ಕೆ ರಾಯಬಾಗ ತಾಲ್ಲೂಕಿನಲ್ಲಿರುವ ನಾದಿನಿಯ ತೋಟದ ಮನೆಗೆ ಹೋಗಿದ್ದೆವು. ಕಬ್ಬಿಗೆ ಬರುವ ಹಂದಿ ಓಡಿಸಲೆಂದು ಲೈಸನ್ಸ್ ಪಡೆದ ಒಂಟಿ ನಳಿಗೆಯ ಬಂದೂಕು ಅವರಲ್ಲಿದೆ. ಪೂಜೆಗೆಂದು ಗೋಡೆಯಿಂದ ಇಳಿಸಿ, ಕುಡಗೋಲು, ಕೊಡಲಿ, ತಕ್ಕಡಿಗಳ ಜೊತೆ ಕಂಬಳಿಯ ಮೇಲಿಟ್ಟಿದ್ದರು. ಅದರ ಹಿಡಿಗೆ ಕುಂಕುಮ ಹಚ್ಚಿದವಳು ನಾನೇ. ಆರತಿಯಾದ ಮೇಲೆ ನಾವು ಹೋಳಿಗೆ ಬಡಿಸುವ ಗಡಿಬಿಡಿಯಲ್ಲಿದ್ದೆವು. ನಾದಿನಿಯ ಹತ್ತು ವರ್ಷದ ಮಗ ಬಂದೂಕು ಎತ್ತಿಕೊಂಡು, ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಹುಡುಗಿಯರತ್ತ ಹಿಡಿದು “ಠೋ” ಎಂದ. ಆ ಹುಡುಗಿಯರಲ್ಲಿ ನನ್ನ ಕಿರಿಮಗಳೂ ಇದ್ದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಹಿರಿಮಗಳು ಕೂಗಲಿಲ್ಲ, ಓಡಲಿಲ್ಲ. ಪಕ್ಕದಿಂದ ಹೋಗಿ ನಳಿಗೆ ಹಿಡಿದು ಮೇಲಕ್ಕೆತ್ತಿ, “ಬೆರಳ ತಗಿ, ತಮ್ಮಾ” ಎಂದು ಇಸಿದುಕೊಂಡಳು. ಹೊಲದ ಕಡೆ ನೆಲಕ್ಕೆ ಬಾಯಿ ಮಾಡಿ ನಿಂತು, “ಮಾಮಾ, ಇದು ಖಾಲಿ ಐತೇನ್ರಿ?” ಎಂದು ಕೇಳಿದಳು.

“ಖಾಲೀನ ಐತಿ ಬಿಡವಾ. ವರ್ಷಾತು, ಯಾರೂ ಮುಟ್ಟಿಲ್ಲ.”

“ಈ ನಮೂನಿ ಬಂದೂಕು ತೆರಿಯೂದು ನಂಗ ಗೊತ್ತಿಲ್ರಿ. ನೀವ ತೆರದು ತೋರಸ್ರಿ.”

ಅವರು ಸ್ವಲ್ಪ ಮುನಿಸಿನಿಂದಲೇ ಬಂದು ಕೀಲು ಮಡಚಿದರು. ಒಳಗೆ ಹಿತ್ತಾಳೆಯ ಬುಡದ ಕೆಂಪು ತೋಟಾ ಕೂತಿತ್ತು.

ಅಂಗಳದಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಕಿರಿಮಗಳು ತಲೆ ಬಗ್ಗಿಸಿ ರಂಗೋಲಿಯ ಎಳೆ ಎಳೆಯುತ್ತಲೇ ಇದ್ದಳು. ನನ್ನ ಕೈಯಲ್ಲಿದ್ದ ತುಪ್ಪದ ಗಿಂಡಿ ಯಾವಾಗ ಕೆಳಗಿಟ್ಟೆನೋ ಗೊತ್ತಿಲ್ಲ. ಆಮೇಲೆ ತಿಳಿಯಿತು: ಹಿಂದಿನ ತಿಂಗಳು ರಾತ್ರಿ ಕಾವಲಿಗಿದ್ದ ಆಳುಮಗ ಹಂದಿಯ ಸಪ್ಪಳ ಕೇಳಿ ಬಂದೂಕು ತುಂಬಿದ್ದ. ಹಂದಿ ಹೋಯಿತು, ಬಂದೂಕು ತುಂಬಿದಂತೆಯೇ ಗೋಡೆಗೇರಿತು. ಹಾಗೆ ಬೇರೆಯವರ ಕೈಗೆ ಕೊಡುವುದೇ ತಪ್ಪು. ಲೈಸನ್ಸ್ ಇದ್ದವರೇ ಹಿಡಿಯಬೇಕು. ಮದುವೆಯ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಕುತ್ತು ತಂದರೂ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇಲ್ಲವೇ ಎರಡೂ.

ನಮ್ಮ ಕಡೆ ತೋಟದ ಮನೆಗಳಲ್ಲಿ ಇಂಥ ಬಂದೂಕು ಅಲ್ಲಲ್ಲಿ ಇದ್ದೇ ಇವೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುತ್ತಾರೆ, ಮುಗಿದ ಮೇಲೆ ತಂದು ಮತ್ತೆ ಅದೇ ಮೊಳೆಗೆ ತೂಗುಹಾಕುತ್ತಾರೆ. ನಿಮ್ಮಲ್ಲೂ ಇದ್ದರೆ ಗಂಡಸರಿಗೆ ಧೈರ್ಯವಾಗಿ ಕೇಳಿ: ತೋಟಾ ಎಲ್ಲಿವೆ, ಬಂದೂಕು ಎಲ್ಲಿದೆ, ಎರಡಕ್ಕೂ ಬೇರೆ ಬೇರೆ ಕೀಲಿ ಇದೆಯೇ, ಕೀಲಿ ಯಾರ ಹತ್ತಿರ? ಪೂಜೆಗೆ ಇಳಿಸುವಾಗ ತೆರೆದು ತೋರಿಸಲಿ, ಆಮೇಲೆ ಕುಂಕುಮ ಹಚ್ಚಿ. ಬಂದೂಕು ಕಂಡರೆ ಮುಟ್ಟದೆ ಹಿರಿಯರನ್ನು ಕರೆಯಬೇಕೆಂದು ಮಕ್ಕಳಿಗೆ ಹೇಳಿಡಿ. ಸಂಕೋಚ ಬೇಡ. ನಾನು ಇಪ್ಪತ್ತು ವರ್ಷ ಆ ಮನೆಗೆ ಹಬ್ಬಕ್ಕೆ ಹೋದವಳು, ಒಮ್ಮೆಯೂ ಕೇಳಿರಲಿಲ್ಲ.

ಈ ಸುದ್ದಿ ಫೋನಿನಲ್ಲಿ ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಬೆರಳ ಎಲ್ಲಿತ್ತು ಹುಡುಗಂದು?” ಎಂದರು. ಕುದುರೆಯ ಮೇಲೇ ಇತ್ತು.

ಮೊನ್ನೆ ನಾದಿನಿ ಫೋನ್ ಮಾಡಿದ್ದಳು. “ವೈನಿ, ಈ ಸಲಾನೂ ಹಬ್ಬಕ್ಕ ಬರ್ರಿ. ಬಂದೂಕು ಟ್ರೆಜರಿಯೊಳಗ ಐತಿ, ಕೀಲಿ ಇವರ ಉಡದಾರದಾಗ. ತೆರಿಯೂ ಮುಂದ ನಿಮ್ಮ ಮಗಳು ಎದುರಿಗೆ ನಿಂತಿರಬೇಕಂತ.”

ಮಗಳಿಗೆ ಹೇಳಿದೆ. “ಎದುರಿಗೆ ಬ್ಯಾಡವ್ವಾ,” ಎಂದಳು, “ಬಾಜೂಕ ನಿಂದರ್ತೀನಿ.”