ಲೆಕ್ಕಕ್ಕೆ ಸಿಗದ ಹನ್ನೊಂದನೇ ಹೆಸರು

ಶಾಲಾ ಪ್ರವಾಸದ ಲೆಕ್ಕ ಇಡುವ ಹೊಣೆ ನಿಮ್ಮ ಮಗಳ ಪಾಲಿಗೆ ಬಂದಿದೆ ಎಂದುಕೊಳ್ಳಿ. ಬೇಲೂರು, ಹಳೇಬೀಡಿಗೆ ಹೊರಟವರು 10 ಮಂದಿ. ತಲೆಗೆ 500 ರೂಪಾಯಿ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಎ ಕಾಲಂನಲ್ಲಿ ಹೆಸರು, ಬಿ ಕಾಲಂನಲ್ಲಿ ಹಣ. 1ನೇ ಸಾಲು ತಲೆಬರಹ. 2ರಿಂದ 11ನೇ ಸಾಲಿನವರೆಗೆ ವಿದ್ಯಾರ್ಥಿಗಳು. 12ನೇ ಸಾಲಿನಲ್ಲಿ =ಸಮ್(ಬಿ2:ಬಿ11) ಎಂಬ ಸೂತ್ರ. (ಸೂತ್ರವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಉತ್ತರ 5,000.

ಅಷ್ಟರಲ್ಲಿ ಇನ್ನೊಬ್ಬ ಗೆಳತಿ ಹಣ ತಂದುಕೊಡುತ್ತಾಳೆ. ಮಗಳು ಮೊತ್ತದ ಸಾಲಿನ ಮೇಲೆಯೇ ಹೊಸ ಸಾಲು ಸೇರಿಸಿ ಹೆಸರು ಬರೆಯುತ್ತಾಳೆ. ಮೊತ್ತ ಮಾತ್ರ ಇನ್ನೂ 5,000 ಎಂದೇ ಉಳಿಯಬಹುದು! ಕೈಯಲ್ಲಿ 5,500 ಇದೆ, ಲೆಕ್ಕದಲ್ಲಿ ಇಲ್ಲ.

ಇದೇಕೆ ಹೀಗೆ? ಸೂತ್ರಕ್ಕೆ ಗೊತ್ತಿರುವುದು ಎರಡು ಗಡಿಕಲ್ಲುಗಳು ಮಾತ್ರ: ಬಿ2 ಮತ್ತು ಬಿ11. ಇವೆರಡರ ನಡುವೆ ಸಾಲು ಸೇರಿಸಿದರೆ ಕೆಳಗಿನ ಕಲ್ಲು ತಾನಾಗಿಯೇ ಬಿ12ಕ್ಕೆ ಸರಿಯುತ್ತದೆ. ಕಲ್ಲಿನ ಆಚೆ ಸೇರಿಸಿದ್ದು ಹೊಲದ ಹೊರಗೇ ಉಳಿಯುತ್ತದೆ. ಕೆಲವು ತಂತ್ರಾಂಶಗಳು ಇದನ್ನು ಗುರುತಿಸಿ ಗಡಿ ವಿಸ್ತರಿಸುವುದುಂಟು. ಪ್ರತಿ ಸಲವೂ ಹಾಗಾಗುತ್ತದೆಂದು ನಂಬಿ ಕೂರುವಂತಿಲ್ಲ.

ಗಡಿ ತಪ್ಪುವುದು ಮಕ್ಕಳಿಗೆ ಮಾತ್ರವಲ್ಲ. ಸರ್ಕಾರಗಳ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಬಗ್ಗೆ ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಬರೆದ ಪ್ರಬಂಧ ಜಗತ್ತಿನಾದ್ಯಂತ ಚರ್ಚೆಯಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಅಭ್ಯಾಸಕ್ಕೆಂದು ಅದೇ ಲೆಕ್ಕ ಮಾಡಿದಾಗ ಉತ್ತರ ತಾಳೆಯಾಗಲಿಲ್ಲ. ಮೂಲ ಕಡತ ತರಿಸಿಕೊಂಡು ನೋಡಿದರೆ, 49ನೇ ಸಾಲಿನವರೆಗೆ ಇರಬೇಕಾದ ಸರಾಸರಿಯ ಸೂತ್ರ 44ಕ್ಕೇ ನಿಂತಿತ್ತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗುಳಿದಿದ್ದವು. 2013ರಲ್ಲಿ ಇದು ಬಯಲಾಯಿತು. ಪ್ರಬಂಧದ ಬಗ್ಗೆ ಇದಕ್ಕಿಂತ ದೊಡ್ಡ ತಕರಾರುಗಳೂ ಇದ್ದವು. ಆದರೆ ಈ ತಪ್ಪನ್ನು ಲೇಖಕರೇ ಒಪ್ಪಿಕೊಂಡರು.

ನಮ್ಮ ಪ್ರವಾಸದ ಲೆಕ್ಕಕ್ಕೆ ಸುಲಭ ಉಪಾಯವಿದೆ. 12ನೇ ಸಾಲನ್ನು ಖಾಲಿ ಬಿಟ್ಟು, ಮೊತ್ತವನ್ನು 13ರಲ್ಲಿ ಇಡಿ. ಸೂತ್ರ =ಸಮ್(ಬಿ1:ಬಿ12) ಆಗಲಿ. ತಲೆಬರಹ ಬರಿಯ ಅಕ್ಷರವಾದ್ದರಿಂದ ಮೊತ್ತಕ್ಕೆ ಸೇರುವುದಿಲ್ಲ. ಅಲ್ಲಿ ಇಸವಿಯಂಥ ಬರಿಯ ಅಂಕಿ ಮಾತ್ರ ಬೇಡ, ಅದೂ ಕೂಡಿಕೊಂಡೀತು. ಹೊಸ ಹೆಸರನ್ನು ಸದಾ ಖಾಲಿ ಸಾಲಿನ ಮೇಲೆ ಸೇರಿಸಿ. ಆಗ ಅದು ಗಡಿಯೊಳಗೇ ಬೀಳುತ್ತದೆ.

ಪಕ್ಕದಲ್ಲೊಂದು ಕಾವಲುಗಾರನೂ ಇರಲಿ: =ಕೌಂಟ್(ಬಿ1:ಬಿ12). ಎಷ್ಟು ಮಂದಿಯ ಹಣ ಲೆಕ್ಕಕ್ಕೆ ಬಂದಿದೆಯೆಂದು ಇದು ಹೇಳುತ್ತದೆ. ಪಟ್ಟಿಯಲ್ಲಿ 11 ಹೆಸರಿದ್ದು ಇಲ್ಲಿ 10 ಎಂದು ಕಂಡರೆ, ಮೊತ್ತವನ್ನು ನಂಬಬೇಡಿ.

ತಂದೆತಾಯಿಯರೇ, ಲೆಕ್ಕ ಒಪ್ಪಿಸುವ ಮುನ್ನ ಮಗುವನ್ನು ಒಂದೇ ಪ್ರಶ್ನೆ ಕೇಳಿ: “ಕೊನೆಗೆ ಬಂದವಳ ಹಣ ಸೇರಿದೆಯೇನಮ್ಮಾ?”