ಏರಿನಲ್ಲಿ ಗೇರು ಇಳಿಯದ ಹಳೆಯ ಟ್ರಕ್ಕು

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1969ರ ಮಾದರಿಯ ವಾಹನಗಳಲ್ಲಿ ಬಳಕೆಗೆ ತಂದ ‘ಟರ್ಬೊ ಹೈಡ್ರಾಮ್ಯಾಟಿಕ್ 350’ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯು ಮುಂದೆ ಅನೇಕ ಶೆವ್ರೊಲೆ ಟ್ರಕ್ಕುಗಳಲ್ಲಿ ದುಡಿಯಿತು. ಇದರಲ್ಲಿ ಮೂರು ಗೇರುಗಳಿದ್ದು, ಅವನ್ನು ಬದಲಿಸುವುದು ತೈಲದ ಒತ್ತಡವೇ. ವೇಗ ಹೆಚ್ಚಿದಂತೆ ಗವರ್ನರಿನ ಒತ್ತಡವು ಗೇರನ್ನು ಏರಿಸಲು ತಳ್ಳುತ್ತದೆ. ಎಂಜಿನ್ನಿನ ಶ್ರಮವನ್ನು ನಿರ್ವಾತದ ಕೊಳವೆಯ ಮೂಲಕ ಅರಿಯುವ ಮಾಡ್ಯುಲೇಟರು ಅದಕ್ಕೆ ಎದುರಾಗಿ ನಿಲ್ಲುತ್ತದೆ.

ಹೊರೆ ಹೊತ್ತ ಟ್ರಕ್ಕು ಏರಿನಲ್ಲಿ, ವೇಗವರ್ಧಕವನ್ನು ಪೂರ್ತಿ ತುಳಿದರೂ ಗೇರು ಇಳಿಸದೆ ಏದುಸಿರು ಬಿಟ್ಟರೆ, ಪೆಟ್ಟಿಗೆಯೇ ಕೆಟ್ಟಿತೆಂದು ಬಿಚ್ಚಿಸುವುದು ದುಡುಕು, ವೆಚ್ಚವೂ ಅಲ್ಪವಲ್ಲ. ಮೊದಲು ಎಂಜಿನ್ನು ಓಡುತ್ತಿರುವಾಗಲೇ ಬಿಸಿ ತೈಲದ ಮಟ್ಟವನ್ನು ನೋಡತಕ್ಕದ್ದು. ತೈಲ ಕಪ್ಪಾಗಿ ಸುಟ್ಟ ವಾಸನೆ ಬೀರಿದರೆ ಒಳಗಿನ ಕ್ಲಚ್ಚುಗಳನ್ನು ಶಂಕಿಸಬೇಕು. ಹಾಗಿಲ್ಲದಿದ್ದರೆ, ಕಾರ್ಬುರೇಟರಿನಿಂದ ಪೆಟ್ಟಿಗೆಗೆ ಇಳಿಯುವ ಡಿಟೆಂಟ್ ಕೇಬಲಿನತ್ತ ಕಣ್ಣು ಹಾಯಿಸಬೇಕು. ಪೂರ್ತಿ ತುಳಿದಾಗ ಗೇರನ್ನು ಬಲವಂತವಾಗಿ ಇಳಿಸುವುದು ಇದೇ. ಕಾರ್ಬುರೇಟರನ್ನು ಬಿಚ್ಚಿ ಜೋಡಿಸಿದವರು ಈ ಕೇಬಲನ್ನು ಸರಿಹೊಂದಿಸಲು ಮರೆಯುವುದುಂಟು.

ಹೊರಗೆಲ್ಲೂ ಸೋರದೆ ತೈಲ ತಗ್ಗುತ್ತ, ಬಿಳಿಯ ಹೊಗೆ ಬರುತ್ತಿದ್ದರೆ ಮಾಡ್ಯುಲೇಟರಿನ ಪೊರೆ ಹರಿದು, ಎಂಜಿನ್ನು ಆ ತೈಲವನ್ನು ಹೀರಿ ಸುಡುತ್ತಿರುವ ಸಂಭವವೇ ಹೆಚ್ಚು. ನಿಂತು ಹೊರಡುವಾಗಲೂ ಮೇಲಿನ ಗೇರಿನಲ್ಲಿಯೇ ಉಳಿದರೆ ಗವರ್ನರ್ ಅಂಟಿಕೊಂಡಿರಬಹುದು. ಪೆಟ್ಟಿಗೆಯನ್ನು ಕೆಳಗಿಳಿಸದೆಯೇ, ಪಕ್ಕದ ಮುಚ್ಚಳವನ್ನು ತೆಗೆದು ಅದನ್ನು ಹೊರಗೆಳೆದು ಶುಚಿಗೊಳಿಸಬಹುದು.